ಆಪರೇಷನ್ ಥಿಯೇಟರಿನ (ಓಟಿ) ಲೆಕ್ಕದ ಹಾಳೆ ಪೇಷಂಟ್ ಕೈಗೂ ಕೊಡಿ

ಮಾನ್ಯ ಸಂಪಾದಕರೇ,

ಹೊಟ್ಟೆ ಒಳಗೆ ಬಟ್ಟೆ ಬಿಟ್ರು, ಕತ್ತರಿ ಬಿಟ್ರು ಅಂತ ಆಗಾಗ ಪೇಪರಲ್ಲಿ ಬರುತ್ತೆ, ಎರಡು ದಿನ ಎಲ್ರೂ ಡಾಕ್ಟರಿಗೆ ಬೈತಾರೆ, ಅಲ್ಲಿಗೆ ಮುಗೀತು. ನಾನು ಓಟಿಯಲ್ಲಿ ಕೆಲಸ ಮಾಡೋ ಸ್ಟಾಫ್ ನರ್ಸ್, ಇದು ಒಳಗಡೆ ಹೇಗೆ ಆಗುತ್ತೆ ಅಂತ ಜನಕ್ಕೆ ಗೊತ್ತಾಗ್ಲಿ ಅಂತ ಬರೀತಿದೀನಿ.

ಆಪರೇಷನ್ ಶುರು ಆಗೋ ಮುಂಚೆ ಸ್ಕ್ರಬ್ ಆಗಿರೋ (ಕೈ ತೊಳೆದು ಗ್ಲೌಸ್ ಹಾಕಿ ಸರ್ಜನ್ ಪಕ್ಕ ನಿಲ್ಲೋ) ನರ್ಸ್, ಹೊರಗಡೆ ಓಡಾಡೋ ನರ್ಸ್ ಇಬ್ರೂ ಸೇರಿ ಟ್ರಾಲಿ ಮೇಲಿರೋ ಆರ್ಟರಿ ಫೋರ್ಸೆಪ್ಸ್, ಆಲಿಸ್ ಅನ್ನೋ ಇಕ್ಕಳಗಳು, ಸೂಜಿ ಹಿಡಿಯೋ ನೀಡಲ್ ಹೋಲ್ಡರ್, ರಕ್ತ ಹೀರೋ ಬಟ್ಟೆ ಅಂದ್ರೆ ಮಾಪ್, ಗಾಜ್ ಅನ್ನೋ ತೆಳು ಬಟ್ಟೆ ತುಂಡು, ಸೂಜಿ ಎಲ್ಲಾ ಬಾಯಿಬಿಟ್ಟು ಎಣಿಸಿ ಬೋರ್ಡ್ ಮೇಲೆ ಬರೀಬೇಕು, ಮಧ್ಯದಲ್ಲಿ ಇನ್ನೊಂದು ಕಟ್ಟು ಮಾಪ್ ಬಿಚ್ಚಿದ್ರೆ ಅದನ್ನೂ ಸೇರಿಸ್ಬೇಕು, ಹೊಟ್ಟೆ ಮುಚ್ಚೋ ಮುಂಚೆ ಮತ್ತೆ ಎಣಿಸ್ಬೇಕು, ಚರ್ಮ ಹೊಲಿಯುವಾಗ ಇನ್ನೊಂದ್ಸಲ. ಲೆಕ್ಕ ಟ್ಯಾಲಿ ಆಗೋವರೆಗೂ ಕಸದ ಬಕೆಟ್ ಕೂಡ ಆಚೆ ಹೋಗ್ಬಾರ್ದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟಲ್ಲೂ ಪೇಷಂಟ್ ಓಟಿ ಬಿಡೋ ಮುಂಚೆ ಎಣಿಕೆ ಮುಗಿದಿದೆ ಅಂತ ನರ್ಸ್ ಎಲ್ರಿಗೂ ಕೇಳೋ ಹಾಗೆ ಹೇಳ್ಬೇಕು ಅಂತಿದೆ.

ಆದ್ರೆ ರಾತ್ರಿ ಪಾಳಿಯಲ್ಲಿ ಆ ಎರಡನೇ ನರ್ಸ್ ಎಲ್ಲಿರ್ತಾರೆ? ಮಗು ನೋಡ್ಬೇಕು, ಬ್ಲಡ್ ತರಿಸ್ಬೇಕು, ಪಕ್ಕದ ಟೇಬಲ್ಲಿಗೆ ಕರೆದ್ರೆ ಅಲ್ಲಿಗೂ ಓಡ್ಬೇಕು. ರಕ್ತದಲ್ಲಿ ನೆಂದ ಮಾಪ್ ಮುದ್ದೆ ಆಗಿ ಕರುಳಿನ ಬಣ್ಣಕ್ಕೇ ತಿರುಗಿರುತ್ತೆ, ಕಣ್ಣಿಗೆ ಕಾಣಲ್ಲ, ಎಣಿಕೆಯೊಂದೇ ಗತಿ.

ಒಂದು ರಾತ್ರಿ ಎಮರ್ಜೆನ್ಸಿ ಸಿಸೇರಿಯನ್, ಬ್ಲೀಡಿಂಗ್ ಜಾಸ್ತಿ ಇತ್ತು, ಕೊನೆಗೆ ಒಂದು ಮಾಪ್ ಕಮ್ಮಿ ಬಂತು. "ಬಕೆಟಲ್ಲೇ ಇರುತ್ತೆ ಸಿಸ್ಟರ್, ಕ್ಲೋಸ್ ಮಾಡೋಣ" ಅಂದ್ರು ಸರ್ಜನ್. ಸ್ಕ್ರಬ್ ಆಗಿದ್ದ ನಮ್ಮ ಸೀನಿಯರ್ ಸಿಸ್ಟರ್ "ಸಿಗೋವರೆಗೂ ಸೂಚರ್ (ಹೊಲಿಗೆ ದಾರ) ಕೊಡಲ್ಲ ಸರ್" ಅಂತ ನೀಡಲ್ ಹೋಲ್ಡರ್ ಹಿಡ್ಕೊಂಡೇ ನಿಂತ್ರು. ನಾವು ಬಕೆಟ್ ನೆಲಕ್ಕೆ ಸುರಿದು ಒಂದೊಂದೇ ಮಾಪ್ ಬಿಡಿಸಿ ನೋಡಿದ್ವಿ, ಇಲ್ಲ. ಸರ್ಜನ್ ಸಿಡಿಮಿಡಿ ಮಾಡ್ಕೊಂಡೇ ಮತ್ತೆ ಕೈ ಹಾಕಿದ್ರೆ ಕರುಳಿನ ಪಕ್ಕ ಒತ್ಕೊಂಡು ಕೂತಿತ್ತು. ಅವತ್ತು ಅಲ್ಲಿ ಹೊಸ ಹುಡುಗಿ ಯಾರಾದ್ರೂ ಇದ್ದಿದ್ರೆ ಹಾಗೆ ನಿಲ್ಲೋ ಧೈರ್ಯ ಬರ್ತಿತ್ತಾ?

ಅಮೆರಿಕದಲ್ಲಿ 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಳಗೆ ವಸ್ತು ಉಳಿದು ಎಣಿಕೆಯೂ ಆಗಿದ್ದ ಕೇಸುಗಳಲ್ಲಿ ನೂರಕ್ಕೆ 88ರಲ್ಲಿ ಲೆಕ್ಕ ಸರಿ ಇದೆ ಅಂತಲೇ ಅಂದ್ಕೊಂಡಿದ್ರು. ಎಮರ್ಜೆನ್ಸಿ ಕೇಸಲ್ಲಿ, ಮಧ್ಯದಲ್ಲಿ ಆಪರೇಷನ್ ದಾರಿ ಬದಲಾದಾಗ ಅಪಾಯ ಜಾಸ್ತಿ ಅಂತಲೂ ಅದ್ರಲ್ಲಿದೆ. ಅಂದ್ರೆ ಗಡಿಬಿಡಿಯಲ್ಲಿ ಒಬ್ರೇ ಎಣಿಸಿ ಟಿಕ್ ಹಾಕಿದ್ರೆ ಏನೂ ಉಪಯೋಗ ಇಲ್ಲ.

ನಮ್ಮ ದೇಶದ್ದೇ ನೋಡಿ, 1963ರಲ್ಲಿ ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಆದ್ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೊಂಡ ಹೆಣ್ಮಗಳ ಹೊಟ್ಟೆಯಲ್ಲಿ ಮಾಪ್ ಉಳಿದು ಆಕೆ ಸತ್ತೇ ಹೋದ್ರು, ಸರ್ಕಾರವೇ ಹೊಣೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಅಷ್ಟು ವರ್ಷ ಆ ಮನೆಯವರು ಕೋರ್ಟ್ ಸುತ್ತಿದಾರೆ.

ಆರೋಗ್ಯ ಇಲಾಖೆಯವರಲ್ಲಿ ಕೇಳೋದಿಷ್ಟೇ. ಒಬ್ಬ ನರ್ಸನ್ನ ಎರಡು ಟೇಬಲ್ಲಿಗೆ ಹಾಕೋದು ನಿಲ್ಲಿಸಿ, ಪೋಸ್ಟ್ ತುಂಬಿ. ಎಕ್ಸ್‌ರೇಯಲ್ಲಿ ಕಾಣೋ ದಾರ ಇರೋ ಮಾಪ್ ಮಾತ್ರ ಸಪ್ಲೈ ಮಾಡಿ, ದಾರ ಇಲ್ಲದ ಮಾಪ್ ಕಳೆದ್ರೆ ಎಕ್ಸ್‌ರೇ ತೆಗೆದೂ ದಂಡ. ಮತ್ತೆ ಇಬ್ರು ನರ್ಸು, ಸರ್ಜನ್ ಮೂರೂ ಜನ ಸಹಿ ಹಾಕಿದ ಎಣಿಕೆಯ ಲೆಕ್ಕದ ಹಾಳೆಯ (ಕೌಂಟ್ ಶೀಟ್) ಕಾಪಿ ಡಿಸ್ಚಾರ್ಜ್ ಸಮ್ಮರಿ ಜೊತೆ ಪೇಷಂಟ್ ಮನೆಯವರ ಕೈಗೆ ಕೊಡಿ. ನಾಳೆ ಅವರು ಓದ್ತಾರೆ ಅಂತ ಗೊತ್ತಿದ್ರೆ ಯಾವ ಸರ್ಜನ್ನೂ ಲೆಕ್ಕ ಬರೋ ಮುಂಚೆ ಸೂಜಿ ಕೇಳಲ್ಲ.

— ಒಬ್ಬ ಓಟಿ ಸ್ಟಾಫ್ ನರ್ಸ್