ಅಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋಗು

ಎಡಿನ್‌ಬರಾ, ಜೂನ್ 20

ಪ್ರೀತಿಯ ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ಅಜ್ಜಿಗೆ ನೆನಪು ಹೇಳು.

ಇದನ್ನು ಪುಟ್ಟನ ಮೊಬೈಲಿಗೆ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ ಪಕ್ಕದಲ್ಲೇ ಕೂತಿರ್ತಾರೆ.

ನಿನ್ನ ಕಾಗದ ಸಿಕ್ಕಿತು. ಅಪ್ಪ ತೋಟದಿಂದ ಮೇಲೆ ಬರುವಾಗ ಎರಡು ಕಡೆ ಕೂತು ಬರ್ತಾರೆ, ಕೇಳಿದರೆ ಗ್ಯಾಸ್ ಅಂತಾರೆ ಅಂತ ಬರೆದು, ಹಲಸಿನ ಹಪ್ಪಳದ ವಿಷಯಕ್ಕೆ ಹೋಗಿದ್ದೀಯ. ಆಮೇಲಿನದು ಒಂದೂ ನನ್ನ ತಲೆಗೆ ಹೋಗಲಿಲ್ಲ.

ನಿನ್ನೆ ನಾನು ಕೇಳಿದಾಗ "ಏನಿಲ್ಲ ಮಗಳೇ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ" ಅಂದರು. ಶ್ಯಾಮ ಮಾವನಿಗೂ ಅದನ್ನೇ ಹೇಳಿರುತ್ತಾರೆ. ಅಪ್ಪ ಸುಳ್ಳು ಹೇಳ್ತಾರೆ ಅಂತಲ್ಲ ಅಮ್ಮ. ಮಗಳು ಕೇಳಿದರೆ ಅವರು ಧೈರ್ಯದ ಅಪ್ಪ, ಮಾವ ಕೇಳಿದರೆ ಆಳುಗಳ ಮುಂದೆ ನಿಂತ ಯಜಮಾನ. ಎರಡೂ ನಿಜವೇ.

ಜನರ ಹತ್ತಿರ ಮಾತಾಡಿ ಬರುವುದೂ ಒಂದು ಓದಾ ಅಂತ ಚಿಕ್ಕಮ್ಮ ಕೇಳಿದರಂತೆ. ಹೌದು ಅನ್ನು. ಕೇರಳದಿಂದ ಬಂದ ನರ್ಸುಗಳಿಗೆ ಇಲ್ಲಿ ತಮ್ಮ ಬಗ್ಗೆ ತಮಗೇ ಏನನ್ನಿಸುತ್ತದೆ ಅಂತ ಅವರ ಬಾಯಲ್ಲೇ ಕೇಳುವುದು ನನ್ನ ಕೆಲಸ. ಮೊದಲು ಒಪ್ಪಿಗೆಯ ಸಹಿ ಬೇಕು. ಬೇಡ ಅನ್ನಿಸಿದರೆ ಕಾರಣ ಹೇಳದೆ ನಡುವೆಯೇ ಎದ್ದುಹೋಗಬಹುದು! ಒಂದು ಗಂಟೆಯ ರೆಕಾರ್ಡಿಂಗ್ ಬರೆದಿಳಿಸಲು ಅರ್ಧ ದಿನ ಹೋಗುತ್ತದೆ. ನಕ್ಕದ್ದು, ಸುಮ್ಮನಾದದ್ದು ಎಲ್ಲ ಬರೆಯಬೇಕು.

ಒಬ್ಬರು (ಹೆಸರು ಹೇಳುವ ಹಾಗಿಲ್ಲ) ನಮ್ಮ ಮೇಡಂ ಇಂಗ್ಲಿಷಿನಲ್ಲಿ ಕೇಳಿದಾಗ ಎಲ್ಲ ಚೆನ್ನಾಗಿದೆ ಅಂದಿದ್ದರು. ನಾನು ಕಾಸರಗೋಡಿನವಳು ಅಂತ ಗೊತ್ತಾದದ್ದೇ ಮಲಯಾಳಕ್ಕೆ ತಿರುಗಿದರು. ಮೊದಲ ನೈಟ್ ಡ್ಯೂಟಿಯಲ್ಲಿ ಬಾತ್‌ರೂಮಿನಲ್ಲಿ ನಿಂತು ಅತ್ತದ್ದನ್ನು ಹೇಳಿದರು. ಯಾರು ಕೇಳಿದರು ಅನ್ನುವುದೂ ಉತ್ತರದ ಒಳಗೇ ಇರುತ್ತದೆ. ಅದಕ್ಕೇ ಕೇಳುವವರೂ ತಮ್ಮ ಬಗ್ಗೆ ಡೈರಿ ಬರೆಯಬೇಕು. ಮೊನ್ನೆ ನಾನು ಬರೆದದ್ದು: "ಅಪ್ಪನ ಚಿಂತೆ ಇದೆ. ಇವತ್ತು ಯಾರು ತಂದೆಯ ಸುದ್ದಿ ಎತ್ತಿದರೂ ನನ್ನ ಕಿವಿ ಅಲ್ಲಿಗೇ ಹೋಗುತ್ತದೆ."

ಇದೇ ಯೂನಿವರ್ಸಿಟಿಯಲ್ಲಿದ್ದ ಅರ್ವಿಂಗ್ ಗಾಫ್‌ಮನ್ ಅನ್ನುವ ಸಮಾಜಶಾಸ್ತ್ರಜ್ಞರು 1949ರಲ್ಲಿ ಶೆಟ್‌ಲ್ಯಾಂಡ್ ದ್ವೀಪಗಳಿಗೆ ಹೋಗಿದ್ದರು. ಅಲ್ಲಿನ ಹೋಟೆಲಿನ ಜನ ಅಡುಗೆಮನೆಯಲ್ಲಿ ಒಂದು ರೀತಿ, ಗಿರಾಕಿಗಳ ಎದುರು ಇನ್ನೊಂದು ರೀತಿ ಇರುವುದನ್ನು ಕೂತು ನೋಡಿದರು. ನಮ್ಮ ಅಪ್ಪನೂ ಜಗಲಿಯಲ್ಲಿ ಬೇರೆ, ಅಡುಗೆಮನೆಯಲ್ಲಿ ಬೇರೆ ಅಲ್ವಾ? ಅಡುಗೆಮನೆಯ ಅಪ್ಪನನ್ನು ನೀನೇ ಕೇಳಬೇಕು.

ನೋವಿದೆಯಾ ಅಂತ ಕೇಳಬೇಡ. ಇಲ್ಲ ಅಂತಾರೆ, ಅಲ್ಲಿಗೆ ಮುಗೀತು. ರಾತ್ರಿ ಊಟವಾಗಿ ವೀಳ್ಯ ಹಾಕುವಾಗ, "ಇವತ್ತು ತೋಟದಿಂದ ಹೇಗೆ ಬಂದಿರಿ, ಎಲ್ಲೆಲ್ಲಿ ಕೂತಿರಿ" ಅಂತ ಕೇಳು. ಪಂಪ್ ಶೆಡ್ಡಿನಿಂದ ಶುರುಮಾಡಿ ಅವರೇ ಹೇಳಲಿ. ನಡುವೆ ಬಾಯಿ ಹಾಕಬೇಡ. ಅವರು ಸುಮ್ಮನಾದರೆ ನೀನೂ ಸುಮ್ನೆ ಇರು. ಉಸಿರು ಕಟ್ಟಿದ್ದು, ಬೆವರಿದ್ದು, ಎಡಗೈ ಸೆಳೆದದ್ದು ಏನಿದ್ದರೂ ಹಾಗೇ ಹೊರಗೆ ಬರುತ್ತದೆ. ಅವರ ಮಾತಲ್ಲೇ ಬರೆದಿಟ್ಟು ಡಾಕ್ಟರಿಗೆ ತೋರಿಸು.

ಹೇಳದಿದ್ದರೂ ಸೋಮವಾರ ಮಂಗಳೂರಿಗೆ ಹೋಗಲೇಬೇಕು. ಇಸಿಜಿ ಮಾಡಿಸು. ಸುಮ್ಮನೆ ಕೂತಿರುವಾಗಲೂ ಎದೆನೋವು ಬಂದರೆ ಸೋಮವಾರ ಅಂತ ಕಾಯಬೇಡ, ಅರ್ಧರಾತ್ರಿಯಾದರೂ ಜೀಪು ಕರೆಸು. 2020ರ ಕೊರೊನಾ ಕಾಲದ ಹಾಗೆ ತಲಪಾಡಿ ಗಡಿಯಲ್ಲಿ ದಾರಿ ಬಂದ್ ಇಲ್ಲ ಈಗ. ದುಡ್ಡು ನಾಳೆಯೇ ಹಾಕುತ್ತೇನೆ.

ನನ್ನ ಚಿಂತೆ ಬೇಡ. ಊಟ ಸರಿಯಾಗಿದೆ, ನಿದ್ದೆ ಸರಿಯಾಗಿದೆ, ಚಳಿಯೂ ಇಲ್ಲ. ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಪರದೆ ಎಳೆದು ಮಲಗುತ್ತೇನೆ. ನಿಜವಾಗಿಯೂ ಚೆನ್ನಾಗಿದ್ದೇನೆ.

ಕ್ಲಾಸಿಗೆ ಹೊತ್ತಾಯಿತು. ಪುಟ್ಟಾ, ಅಪ್ಪ ಇಲ್ಲದಾಗ ಓದಿ ಹೇಳು. ಇಸಿಜಿ ಚೀಟಿಯ ಫೋಟೋ ಕೂಡಲೇ ಕಳಿಸು.

ನಿನ್ನ ಮಗಳು