ಖಾಲಿ ಮನೆಗೆ ಮೊದಲ ಸಾಮಾನು

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ‘ಗೌರವಾನ್ವಿತ ಮೇಡಂ’ ಅಂತ ಶುರು ಮಾಡಿದ್ದೀಯ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಮೇಡಂ ಅನ್ನಿಸಿಕೊಂಡು ಸಾಕಾಗಿದೆ. ಅಕ್ಕ ಅನ್ನು. ಆಂಟಿ ಅಂದರೂ ಬೇಜಾರಿಲ್ಲ.

ಅಂತರ್ಜಾಲದಲ್ಲಿ ಆರು ವರ್ಷ ಬರೆದ ಜಾಗ ಬಿಟ್ಟು ಬೇರೆ ಕಡೆ ಹೊಸದಾಗಿ ಶುರು ಮಾಡಬೇಕು ಅಂತಿದ್ದೀಯ. ಅಲ್ಲಿ ಜಾಹೀರಾತು ಜಾಸ್ತಿಯಾಯಿತು, ಓದುವವರು ಕರಗಿದರು, ಎರಡು ವರ್ಷದಿಂದ ನೀನೂ ಏನೂ ಬರೆದಿಲ್ಲ. ಈಗ ಹಳೆಯ ನೂರ ನಲವತ್ತು ಬರಹಗಳನ್ನು ಹೊತ್ತುಕೊಂಡು ಹೋಗಲಾ, ಬಿಟ್ಟು ಹೋಗಲಾ ಅಂತ ಕೇಳಿದ್ದೀಯ. ಈ ವಿಷಯದಲ್ಲಿ ನಾನು ಎರಡು ಸಲ ಎಡವಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲ ಸಲ ಎಡವಿದ್ದು 1996ರಲ್ಲಿ. ಶ್ರೀನಗರದ ಬಾಡಿಗೆ ಮನೆಯಿಂದ ಕತ್ತರಿಗುಪ್ಪೆಗೆ ಹೋದೆವು. ಬೆಂಗಳೂರಿನಲ್ಲಿ ಮನೆ ಬದಲಾಯಿಸುವುದು ಅಂದರೆ ನಿನಗೂ ಗೊತ್ತಲ್ಲ. ಒಂದು ಕಡೆ ಓನರ್ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾ ನಿಂತಿರುತ್ತಾರೆ, ಇನ್ನೊಂದು ಕಡೆ ಟೆಂಪೋದವನು ಹಾರ್ನ್ ಮಾಡುತ್ತಿರುತ್ತಾನೆ. ಆ ಗಡಿಬಿಡಿಯಲ್ಲಿ ಅಟ್ಟದ ಮೇಲಿದ್ದ ಒಂದು ಗೋಣಿಚೀಲ ರದ್ದಿಗೆ ಹೋಯಿತು. ಹಳೇ ಪೇಪರು ಅಂದುಕೊಂಡಿದ್ದೆವು. ಇದ್ದದ್ದು ನನ್ನ ಹತ್ತು ವರ್ಷದ ಡೈರಿಗಳು.

ಪತ್ರಿಕೆಗಳಲ್ಲಿ ಅಚ್ಚಾದ ಕಥೆಗಳನ್ನು ಮಾತ್ರ ಕತ್ತರಿಸಿ, ಸೂಟ್‌ಕೇಸಿನಲ್ಲಿ ನುಸಿಗುಳಿಗೆ ಹಾಕಿ, ಮಡಿಲಲ್ಲಿ ಇಟ್ಟುಕೊಂಡು ಬಂದೆ. ಈಗ ಅವನ್ನು ತೆಗೆದು ಓದಿದರೆ ನಾಚಿಕೆಯಾಗುತ್ತದೆ. ಎಲ್ಲ ಕಥೆಯ ಕೊನೆಯಲ್ಲೂ ಮಳೆ ಬರುತ್ತದೆ. ಡೈರಿಯಲ್ಲಿ ಏನಿತ್ತು? ಹಾಲಿನ ಲೆಕ್ಕ. ನಮ್ಮತ್ತೆ ಕಷಾಯ ಕುಡಿಯುವಾಗ ಬೈಯುತ್ತಿದ್ದ ಬೈಗುಳ. ಸೀಮೆಎಣ್ಣೆ ಕ್ಯೂನಲ್ಲಿ ಇಬ್ಬರು ಹೆಂಗಸರು ಜಗಳ ಆಡಿದ್ದು, ಮಾತಿಗೆ ಮಾತು ಬರೆದಿಟ್ಟಿದ್ದೆ. ಆ ಕ್ಯೂ ಬಗ್ಗೆ ಬರೆಯೋಣ ಅಂತ ಎಷ್ಟೋ ಸಲ ಕೂತಿದ್ದೇನೆ. ಜಗಳ ಆಯಿತು ಅನ್ನುವುದು ನೆನಪಿದೆ, ಒಂದು ಮಾತೂ ನೆನಪಿಲ್ಲ. ಮಾತಿಲ್ಲದ ಜಗಳವನ್ನು ಹೇಗೆ ಬರೆಯುವುದು?

ಎರಡನೆಯದು ಕಂಪ್ಯೂಟರ್ ಕಾಲದ್ದು. ಅದು ನಿನಗೆ ನೇರವಾಗಿ ಬೇಕಾಗುತ್ತದೆ. ನಿಮ್ಮ ತಂದೆಯ ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿದ ಕಾಲೇಜು ದಿನದ ಬರಹಗಳು ಒಂದು ಪೆನ್‌ಡ್ರೈವಿನಲ್ಲಿವೆ, ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಏನೋ ವಿಚಿತ್ರವಾಗಿ ಕಾಣುತ್ತದೆ ಅಂದೆಯಲ್ಲ. ನನಗೂ ಹಾಗೇ ಆಗಿತ್ತು. ರಿಪೇರಿಗೆ ಕೊಟ್ಟ ಕಂಪ್ಯೂಟರನ್ನು ಅಂಗಡಿಯವನು ಪೂರ್ತಿ ಅಳಿಸಿ, ‘ಫ್ರೆಶ್ ಆಗಿ ಹಾಕಿದ್ದೀನಿ ಮೇಡಂ’ ಅಂತ ಖುಷಿಯಿಂದ ವಾಪಸ್ ಕೊಟ್ಟ. ಪುಣ್ಯಕ್ಕೆ ಒಂದು ಸಿಡಿ ಉಳಿದಿತ್ತು. ಅದನ್ನು ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಟೋಪಿ ಹಾಕಿ, ಬಾಲ ಅಂಟಿಸಿ ಮೆರವಣಿಗೆ ಹೊರಡಿಸಿದ ಹಾಗಿತ್ತು.

ಗಾಬರಿ ಬೇಡ, ನಿನ್ನ ಬರಹ ಹಾಳಾಗಿಲ್ಲ. ಕನ್ನಡ ಟೈಪ್ ಮಾಡಲು ಬಳಸುವ ‘ನುಡಿ’, ‘ಬರಹ’ ಅನ್ನುವ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರವು ಕಂಪ್ಯೂಟರಿನ ಒಳಗೆ ಕನ್ನಡವಾಗಿ ಇರುತ್ತಿರಲಿಲ್ಲ. ಇಂಗ್ಲಿಷಿಗೆ ಮತ್ತು ಯುರೋಪಿನ ಭಾಷೆಗಳಿಗೆ ಮಾಡಿಟ್ಟ ಖಾನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಕೊಂಬು ಒಂದು ಚೂರು, ದೀರ್ಘ ಒಂದು ಚೂರು, ಒತ್ತು ಇನ್ನೊಂದು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಕಲಸುಮೇಲೋಗರ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡಕ್ಕೇ ಅಂತ 128 ಖಾನೆಗಳ ಸಾಲು ಇದೆ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಅದು ನಮ್ಮಂಥವರ ಮನೆಯ ಕಂಪ್ಯೂಟರಿಗೆ ಬರುವಷ್ಟರಲ್ಲಿ ಹೊಸ ಶತಮಾನ ಬಂದಿತ್ತು. ಅಷ್ಟರೊಳಗೆ ನಾವು ಸಿಡಿಗಟ್ಟಲೆ ಬರೆದು ಗುಡ್ಡೆ ಹಾಕಿದ್ದೆವು.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ಬದಲಿಸಿದ ಮೇಲೆ ಕೂತು ಸಾಲು ಸಾಲು ಓದು. ನಡುವೆ ಇಂಗ್ಲಿಷ್ ಪದ ಬರೆದಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿರುತ್ತದೆ. ‘ರ‍್ಯಾಂಕ್’ ಅಂತ ಇದ್ದದ್ದು ‘ರ್ಯಾಂಕ್’ ಆಗಿ, ಮೊದಲಿನ ‘ರ’ ಅರ್ಕಾವತ್ತಾಗಿ ಮೂಲೆ ಸೇರಿರುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡ. ನಾನು ಅಳಿಸಿದ್ದೆ. ಎರಡು ವರ್ಷ ಕಳೆದು ನೋಡಿದರೆ, ಒಂದು ಕಥೆಯಲ್ಲಿ ಒತ್ತಕ್ಷರಗಳೇ ಉದುರಿಹೋಗಿದ್ದವು. ಬಾಯಲ್ಲಿ ಹಲ್ಲಿಲ್ಲದವರು ಹೇಳಿದ ಕಥೆಯ ಹಾಗೆ ಓದಿಕೊಳ್ಳಬೇಕಾಯಿತು.

ಈಗ ನೀನು ಬಿಟ್ಟು ಹೋಗುತ್ತಿರುವ ಜಾಗಕ್ಕೆ ಬರೋಣ. ಅಲ್ಲಿರುವ ನೂರ ನಲವತ್ತನ್ನೂ ಈ ಭಾನುವಾರವೇ ಇಳಿಸಿಕೋ. ಮುಂದಿನ ಭಾನುವಾರ ಅನ್ನಬೇಡ. ಜನ ತಮ್ಮ ಪುಟ ಮಾಡಿಕೊಳ್ಳುತ್ತಿದ್ದ ಜಿಯೋಸಿಟೀಸ್ ಅನ್ನುವ ತಾಣ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಇವೆಲ್ಲ ಮೊದಲೇ ಹೇಳಿಯೇ ಮುಚ್ಚಿದವು. ಹೇಳಿದ್ದನ್ನು ನೋಡದವರು, ನೋಡಿಯೂ ನಾಳೆ ಮಾಡೋಣ ಅಂದವರು ಎಷ್ಟೋ ಜನ. ಇಳಿಸಿಕೊಳ್ಳುವಾಗ ತಾರೀಖು ಬಿಡಬೇಡ, ಅದು ಬಹಳ ಮುಖ್ಯ. ಎಲ್ಲವನ್ನೂ ಸರಳ ಪಠ್ಯದ ಫೈಲಾಗಿಯೂ ಇಡು, ಅದನ್ನು ಯಾವ ಯಂತ್ರ ಬೇಕಾದರೂ ತೆರೆಯುತ್ತದೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಬೇರೆ ಡ್ರೈವಿನಲ್ಲಿ, ಒಂದು ಊರಿನಲ್ಲಿ ಅಪ್ಪನ ಅಂಗಡಿಯಲ್ಲಿ. ಈಗಾಗಲೇ ಕಳೆದುಹೋದದ್ದು ಇದ್ದರೆ ವೇಬ್ಯಾಕ್ ಮಷೀನಿನಲ್ಲಿ ಹಳೆಯ ವಿಳಾಸ ಹಾಕಿ ನೋಡು. 1996ರಿಂದ ಅಂತರ್ಜಾಲದ ಪುಟಗಳನ್ನು ಕೂಡಿಡುತ್ತಿದ್ದಾರೆ. ಎಲ್ಲವೂ ಸಿಗುವುದಿಲ್ಲ. ಸಿಕ್ಕರೆ ಅದೃಷ್ಟ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಸಾಧ್ಯವಾದರೆ ನಿನ್ನದೇ ಹೆಸರಿನ ಅಂತರ್ಜಾಲ ವಿಳಾಸ ಕೊಂಡುಕೋ. ಕೊಂಡುಕೋ ಅಂದೆ, ಅದೂ ಬಾಡಿಗೆಯೇ. ಅವಧಿ ಮುಗಿಯುವ ಮೊದಲು ನವೀಕರಿಸದಿದ್ದರೆ ಕೈತಪ್ಪುತ್ತದೆ. ಆದರೆ ನಾಳೆ ಈ ಹೊಸ ಜಾಗವೂ ಬೇಡ ಅನ್ನಿಸಿದರೆ ಬರಹವನ್ನು ಇನ್ನೊಂದು ಕಡೆಗೆ ಒಯ್ಯಬಹುದು, ವಿಳಾಸ ಹಾಗೇ ಇರುತ್ತದೆ. ಓದುವವರು ಹುಡುಕಬೇಕಾಗಿಲ್ಲ.

ಸರಿ, ಇಳಿಸಿಕೊಂಡಾಯಿತು. ಹೊಸ ಜಾಗದಲ್ಲಿ ಅವನ್ನೆಲ್ಲ ಹಾಕಬೇಕಾ? ಬೇಡ. ಒಂದೂ ಬೇಡ ಅಂತಲೇ ನನ್ನ ಅಭಿಪ್ರಾಯ. ನಿನಗೆ ಸಿಟ್ಟು ಬರಬಹುದು, ಆದರೂ ಕೇಳು. ನೀನು ಕಳಿಸಿದ ಹತ್ತು ಬರಹಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿದೆ. ಮೊದಲ ವರ್ಷದ್ದು ಚೆನ್ನಾಗಿವೆ. ಬನಶಂಕರಿಯ ಪಿಜಿಯಲ್ಲಿ ಆರು ಹುಡುಗರಿಗೆ ಒಂದೇ ಬಕೆಟ್ ಅನ್ನುವುದನ್ನು ಓದಿ ಒಬ್ಬಳೇ ನಕ್ಕಿದ್ದೇನೆ. ಮೂರನೇ ವರ್ಷಕ್ಕೆ ನಿನಗೆ ಓದುಗರು ಸಿಕ್ಕಿದ್ದಾರೆ. ಯಾವ ಸಾಲಿಗೆ ಮೆಚ್ಚುಗೆ ಬರುತ್ತದೆ ಅಂತ ಕೈಗೆ ಗೊತ್ತಾಗಿಬಿಟ್ಟಿದೆ. ಅಲ್ಲಿಂದ ಮುಂದೆ ಎಲ್ಲದರ ಕೊನೆಯಲ್ಲೂ ಅಮ್ಮ ಬರುತ್ತಾರೆ. ನನ್ನ ಕಥೆಗಳಲ್ಲಿ ಮಳೆ ಬಂದ ಹಾಗೆ. ಬಕೆಟ್ಟಿನ ಬಗ್ಗೆ ಬರೆದ ಹುಡುಗ ಆಮೇಲೆ ಎಲ್ಲೂ ಕಾಣಿಸಲಿಲ್ಲ. ಎರಡು ವರ್ಷದಿಂದ ಬರೆಯಲು ಆಗದೆ ಇರುವುದಕ್ಕೆ ಕೆಲಸದ ಒತ್ತಡ ಕಾರಣ ಅಂದಿದ್ದೀಯ. ಇರಬಹುದು. ಆದರೆ ಅಮ್ಮನನ್ನು ಕರೆದುಕೊಂಡು ಬಂದು ಬಂದು ನಿನಗೇ ಸಾಕಾಗಿತ್ತು ಅಂತ ನನ್ನ ಗುಮಾನಿ.

ಹೊಸ ಜಾಗದಲ್ಲಿ ಯಾರೂ ಇಲ್ಲ ಅಂತ ನೀನು ಹೆದರಿದ್ದೀಯ. ಇರಲಿ ಬಿಡು, ಆರು ತಿಂಗಳು ಯಾರೂ ಬರದಿದ್ದರೆ ಇನ್ನೂ ಒಳ್ಳೆಯದು. ಮೊದಲ ವರ್ಷ ಬರೆಯುವಾಗಲೂ ಯಾರೂ ಇರಲಿಲ್ಲ, ಅಲ್ವಾ? ಹಳೆಯ ನೂರ ನಲವತ್ತನ್ನು ತಂದು ಸುರಿದರೆ ಹೊಸ ಮನೆ ಮೊದಲ ದಿನವೇ ತುಂಬಿಹೋಗುತ್ತದೆ. ಹಳೆಯ ಸೋಫಾ ಇದ್ದಲ್ಲಿ ಹಳೆಯ ಹಾಗೆಯೇ ಕೂರುತ್ತೇವೆ.

ಲಂಕೇಶ್ ತಮ್ಮ ವಾರಪತ್ರಿಕೆ ಶುರು ಮಾಡಿದ್ದು 1980ರಲ್ಲಿ. ಆಗ ಅವರಿಗೆ 45 ವರ್ಷ. ಕಥೆ, ನಾಟಕ, ಸಿನಿಮಾ ಎಲ್ಲ ಆಗಿ ಹೆಸರು ಬಂದಿತ್ತು, ಮೇಷ್ಟರ ಕೆಲಸ ಬಿಟ್ಟಿದ್ದರು. ಜಾಹೀರಾತು ಬೇಡ, ಓದುವವರು ಕೊಂಡರೆ ಸಾಕು ಅಂತ ಹೊರಟರು. ನೀನು ಲಂಕೇಶ್ ಅಲ್ಲ, ನಾನಂತೂ ಅಲ್ಲವೇ ಅಲ್ಲ. ಆದರೆ ಮೂವತ್ತೊಂದಕ್ಕೆ ‘ಮತ್ತೆ ಮೊದಲಿಂದ ಶುರು ಮಾಡಲು ತಡವಾಯಿತೇನೋ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಕಾಫಿ ನೆತ್ತಿಗೇರಿತು.

ಮೊದಲ ಬರಹದ ಕರಡು ಕಳಿಸಿದ್ದೀಯ. ‘ಬಹಳ ದಿನಗಳಿಂದ ಬರೆಯದೆ ಇದ್ದದ್ದಕ್ಕೆ ಕ್ಷಮೆ ಇರಲಿ, ಇನ್ನು ಮುಂದೆ ವಾರಕ್ಕೊಂದು’ ಅಂತ. ಅದನ್ನು ಹರಿದು ಹಾಕು. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೀಯ? ಮನೆಯೊಳಗೆ ಇನ್ನೂ ಯಾರೂ ಬಂದೇ ಇಲ್ಲ. ವಾರಕ್ಕೊಂದು ಅನ್ನುವ ಮಾತನ್ನಂತೂ ಕೊಡಲೇಬೇಡ. ನಾನೂ ಕೊಟ್ಟಿದ್ದೆ, ಒಂದು ಪತ್ರಿಕೆಗೆ. ಒಂಬತ್ತನೇ ವಾರ ಕ್ಯಾಲೆಂಡರ್ ನೋಡಿದರೆ ಹೊಟ್ಟೆನೋವು ಬರುತ್ತಿತ್ತು.

ಹಾಗಾದರೆ ಮೊದಲು ಏನು ಬರೆಯುವುದು ಅಂತೀಯ. ನಿನ್ನ ಕಾಗದದಲ್ಲೇ ಇದೆ, ನೀನು ಗಮನಿಸಿಲ್ಲ. ನಾಲ್ಕು ಪುಟ ತಂತ್ರಜ್ಞಾನ, ಹೊಸ ವಿನ್ಯಾಸ, ಬಣ್ಣ ಯಾವುದು ಅಂತೆಲ್ಲ ಬರೆದು, ಕೊನೆಗೆ ಹಸ್ತಾಕ್ಷರದ ಕೆಳಗೆ ಸುಮ್ನೆ ಎರಡು ಸಾಲು ಸೇರಿಸಿದ್ದೀಯ. ನಾಲ್ಕು ವರ್ಷ ನೀನು ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ, ಒಬ್ಬರು ವಯಸ್ಸಾದವರು ಜಯನಗರದಲ್ಲಿ ಹತ್ತಿ, ಕೂತಿದ್ದ ನಿನ್ನ ಕೈಗೆ ಊಟದ ಚೀಲ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದರು. ಜಾಗ ಬಿಡುತ್ತೇನೆ ಅಂದರೂ ಕೂರುತ್ತಿರಲಿಲ್ಲ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು, ನೀನು ಆರ್.ವಿ. ರಸ್ತೆಯಲ್ಲಿ ರೈಲು ಬದಲಾಯಿಸಿ ಹೋಗಲು ಶುರು ಮಾಡಿದೆ. ಆಮೇಲೆ ಅವರನ್ನು ನೋಡಿಲ್ಲ, ಹೆಸರೂ ಗೊತ್ತಿಲ್ಲ.

ಇವತ್ತು ರಾತ್ರಿಯೇ ಕೂತು ನೆನಪಿರುವಷ್ಟನ್ನು ಬರೆದಿಡು. ಬರಹ ಆಗಿ ಅಲ್ಲ, ಲೆಕ್ಕದ ಹಾಗೆ. ಚೀಲ ಬಟ್ಟೆಯದಾ, ವೈರಿನದಾ? ಕೊಡುವಾಗ ಏನಾದರೂ ಅನ್ನುತ್ತಿದ್ದರಾ, ಬರೀ ಕೈ ಚಾಚುತ್ತಿದ್ದರಾ? ತೊಡೆಯ ಮೇಲೆ ಬಿಸಿ ತಾಗುತ್ತಿತ್ತಾ? ನಾಲ್ಕು ವರ್ಷ ಆ ಊಟ ಹೊತ್ತಿದ್ದೀಯ, ಒಳಗೆ ಏನಿರುತ್ತಿತ್ತು ಅಂತ ವಾಸನೆಯಲ್ಲಾದರೂ ಗೊತ್ತಿರಬೇಕಲ್ಲ?

ನಿನ್ನ ಅಕ್ಕ