ಪಿಕಪ್ ಕೊಳ್ಳುವ ಮುನ್ನ ಬಾಗಿಲ ಬಳಿಯ ಹಳದಿ ಸ್ಟಿಕ್ಕರ್ ಓದಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಪಿಕಪ್ ಟ್ರಕ್ ಕೊಳ್ಳುವ ಬಗ್ಗೆ ಅನಿವಾಸಿ ಕನ್ನಡಿಗರ ಪುಟದಲ್ಲಿ ಬಂದ ಲೇಖನ ಓದಿದೆ. ವಾರವಿಡೀ ಆಫೀಸಿಗೆ ಓಡಾಡಲು, ರಜೆಯಲ್ಲಿ ಕ್ಯಾಂಪರನ್ನೋ ದೋಣಿಯನ್ನೋ ಎಳೆಯಲು ಒಂದೇ ಗಾಡಿ ಬೇಕು ಎನ್ನುವವರಿಗೆ ಅದರಲ್ಲಿ ಸಾಕಷ್ಟು ಮಾಹಿತಿ ಇತ್ತು. ಆದರೆ ಕೋಷ್ಟಕದಲ್ಲಿ ಪ್ರತಿ ಟ್ರಕ್ಕಿನ ಮುಂದೆ ಕಂಪನಿ ಹೇಳುವ ಗರಿಷ್ಠ ಎಳೆತದ ತೂಕ ಮಾತ್ರ ಇದೆ. ಅದೊಂದನ್ನೇ ನೋಡಿ ಟ್ರಕ್ ಕೊಂಡರೆ ಮೋಸ ಹೋಗುವುದು ಬಹುತೇಕ ಖಚಿತ. ದಯವಿಟ್ಟು ಮುಂದಿನ ಕಂತಿನಲ್ಲಿ ಪೇಲೋಡ್ (ಟ್ರಕ್ ತನ್ನ ಮೇಲೆ ಹೊರಬಲ್ಲ ತೂಕ) ಮತ್ತು ಆಕ್ಸಲ್ ಅನುಪಾತಕ್ಕೂ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಸಂಖ್ಯೆ, ಅದು ಹೆಚ್ಚಿದ್ದಷ್ಟೂ ಎಳೆಯುವ ಬಲ ಹೆಚ್ಚು) ಒಂದೊಂದು ಸಾಲು ಕೊಡಿ. ಅವು ಏಕೆ ಬೇಕು ಎಂಬುದನ್ನು ಕೆಳಗೆ ವಿವರಿಸಿದ್ದೇನೆ.

ಫೋರ್ಡ್ ಎಫ್-150, ಜಿಎಂನ ಸಿಲ್ವರಾಡೊ 1500, ರಾಮ್ 1500, ಟೊಯೊಟಾ ಟಂಡ್ರಾ ಇವೆಲ್ಲ 'ಹಾಫ್ ಟನ್' ಎಂದು ಕರೆಸಿಕೊಳ್ಳುವ, ದೊಡ್ಡ ಪಿಕಪ್‌ಗಳಲ್ಲೇ ಹಗುರವಾದ ವರ್ಗದವು. 2018ರ ಎಫ್-150 ಗರಿಷ್ಠ 13,200 ಪೌಂಡ್ ಎಳೆಯುತ್ತದೆ ಎಂಬುದು ನಿಜ. ಆದರೆ ಆ ಅಂಕಿ ನಿರ್ದಿಷ್ಟ ಎಂಜಿನ್, ನಿರ್ದಿಷ್ಟ ಕ್ಯಾಬ್, ನಿರ್ದಿಷ್ಟ ಆಕ್ಸಲ್, ಜೊತೆಗೆ ಭಾರ ಎಳೆಯಲೆಂದೇ ಕಂಪನಿ ಕೊಡುವ ಮ್ಯಾಕ್ಸ್ ಟ್ರೇಲರ್ ಟೋ ಪ್ಯಾಕೇಜ್ ಎಲ್ಲ ಕೂಡಿದ ಟ್ರಕ್ಕಿನದು. ಅದೇ ವರ್ಷದ, ಅದೇ ಬಣ್ಣದ, ಅದೇ ಹೆಸರಿನ ಮತ್ತೊಂದು ಟ್ರಕ್ ಅದರ ಅರ್ಧದಷ್ಟನ್ನು ಮಾತ್ರ ಎಳೆಯಬಲ್ಲದ್ದಾಗಿರಬಹುದು. ಹಳೆಯ ಟ್ರಕ್ಕುಗಳನ್ನು ಹೋಲಿಸುವವರಿಗೆ ಇನ್ನೊಂದು ತೊಡಕಿದೆ. ಮೊದಲೆಲ್ಲ ಪ್ರತಿ ಕಂಪನಿಯೂ ತನ್ನದೇ ಲೆಕ್ಕದಲ್ಲಿ ಈ ತೂಕ ಹೇಳುತ್ತಿತ್ತು. ಎಸ್‌ಎಇ ಜೆ2807 ಎಂಬ ಸಮಾನ ಪರೀಕ್ಷೆಯನ್ನು ಟೊಯೊಟಾ 2011ರ ಟಂಡ್ರಾಕ್ಕೆ ಅನ್ವಯಿಸಿತು. ಫೋರ್ಡ್, ಜಿಎಂ, ರಾಮ್ ತಮ್ಮ ಹಾಫ್ ಟನ್ ಟ್ರಕ್ಕುಗಳಿಗೆ ಅದನ್ನು ಅನ್ವಯಿಸಿದ್ದು 2015ರ ಹೊತ್ತಿಗೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಬೇಸಿಗೆಯ ಬಿಸಿಲಲ್ಲಿ ಏಸಿ ಹಾಕಿಕೊಂಡು ಹತ್ತುವುದು ಈ ಪರೀಕ್ಷೆಯ ಒಂದು ಭಾಗ. ಹಾಗಾಗಿ 2012ರ ಟ್ರಕ್ಕಿನ ಅಂಕಿಯನ್ನು 2016ರದರ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಇನ್ನು ಪೇಲೋಡ್. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿ ಇರುವ ಬಿಳಿ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಆ ಅಂಕಿ ನೀವು ನೋಡುತ್ತಿರುವ ಆ ಒಂದು ಟ್ರಕ್ಕಿನದೇ. ಬ್ರೋಷರ್‌ನ ಅಂಕಿಗೆ ಆ ಬೆಲೆ ಇಲ್ಲ. ಹಾಫ್ ಟನ್ ಟ್ರಕ್ಕಿನಲ್ಲಿ ಎಳೆತದ ಮಿತಿ ಮುಟ್ಟುವ ಬಹಳ ಮೊದಲೇ ಪೇಲೋಡ್ ಮುಗಿದುಹೋಗಿರುತ್ತದೆ, ಏಕೆಂದರೆ ಟ್ರೇಲರ್‌ನ ಮೂತಿ ಟ್ರಕ್ಕಿನ ಹಿಂದಿನ ಕೊಂಡಿಯ, ಅಂದರೆ ಹಿಚ್‌ನ ಮೇಲೆ ಊರುವ ಭಾರವೂ ಪೇಲೋಡಿಗೇ ಸೇರುತ್ತದೆ. ಟ್ರೇಲರ್ ಅತ್ತಿತ್ತ ತೂಗಾಡದೆ ನೇರ ಬರಬೇಕಾದರೆ ಒಟ್ಟು ತೂಕದ ಶೇ 10ರಿಂದ 15ರಷ್ಟು ಹಿಚ್ ಮೇಲೆ ಇರಲೇಬೇಕು.

ತುಂಬಿದ ಮೇಲೆ 7,000 ಪೌಂಡ್ ತೂಗುವ ಟ್ರಾವೆಲ್ ಟ್ರೇಲರ್ ಎಂದಿಟ್ಟುಕೊಳ್ಳಿ. ಶೇ 13ರ ಲೆಕ್ಕದಲ್ಲಿ ಹಿಚ್ ಮೇಲೆ 910 ಪೌಂಡ್. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನದೇ ತೂಕ ಸುಮಾರು 100. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು ಸೇರಿ 600. ಹಿಂದಿನ ತೆರೆದ ಭಾಗವಾದ ಬೆಡ್‌ನಲ್ಲಿ ಜನರೇಟರ್, ಕೂಲರ್, ಸೌದೆ, ಜ್ಯಾಕ್ ಎಂದು 200. ಒಟ್ಟು 1,810 ಪೌಂಡ್. ಚರ್ಮದ ಸೀಟು, ಸನ್‌ರೂಫ್, 20 ಇಂಚಿನ ಚಕ್ರ ಇರುವ ನಾಲ್ಕು ಬಾಗಿಲಿನ 4x4 ಟ್ರಕ್ಕಿನ ಸ್ಟಿಕ್ಕರ್‌ನಲ್ಲಿ 1,400 ಪೌಂಡ್ ಆಸುಪಾಸಿನ ಅಂಕಿ ಸಾಮಾನ್ಯ. ಮಾರುವವನು 11,000 ಪೌಂಡ್ ಎಳೆಯುತ್ತದೆ ಎಂದ ಟ್ರಕ್, 7,000 ಪೌಂಡ್ ಟ್ರೇಲರ್‌ಗೇ 400 ಪೌಂಡ್ ಮಿತಿ ಮೀರಿತು! ಆಗ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಬ್ರೇಕ್ ಹಿಡಿತ ತಗ್ಗುತ್ತದೆ, ಹಿಂದಿನ ಟೈರುಗಳು ಕಾಯುತ್ತವೆ. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಸ್ವಲ್ಪ ಭಾರವನ್ನು ಮುಂದಿನ ಆಕ್ಸಲ್‌ಗೆ ತಳ್ಳುತ್ತದೆ, ಆದರೆ ಅದರಿಂದ ಟ್ರಕ್ಕಿನ ಮಿತಿ ಹೆಚ್ಚುವುದಿಲ್ಲ. ಹಿಂದಿನ ಮಾಲೀಕರು ಬೆಡ್ ಕವರ್, ಟೂಲ್ ಬಾಕ್ಸ್, ರನ್ನಿಂಗ್ ಬೋರ್ಡ್ ಹಾಕಿಸಿದ್ದರೆ ಅವುಗಳ ತೂಕವನ್ನೂ ಸ್ಟಿಕ್ಕರ್‌ನ ಅಂಕಿಯಿಂದ ಕಳೆಯಬೇಕು.

ಟ್ರೇಲರ್ ಕಡೆಯಿಂದಲೂ ಇದೇ ತಪ್ಪು ನಡೆಯುತ್ತದೆ. ಬ್ರೋಷರ್‌ನ 'ಡ್ರೈ ವೇಟ್' (ಖಾಲಿ ಟ್ರೇಲರ್‌ನ ತೂಕ) ನಂಬಬೇಡಿ. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್ ಏರಿತು. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಪಾತ್ರೆ ಪಡಗ, ಹಾಸಿಗೆ ಎಲ್ಲ ಸೇರಿ ಸಾವಿರ ಪೌಂಡ್ ಹೆಚ್ಚುವುದು ಮಾಮೂಲು. ಟ್ರೇಲರ್‌ನ ಜಿವಿಡಬ್ಲ್ಯೂಆರ್, ಅಂದರೆ ತುಂಬಿದಾಗಿನ ಗರಿಷ್ಠ ತೂಕ ಹಿಡಿದೇ ಲೆಕ್ಕ ಹಾಕಿ.

ಆಕ್ಸಲ್ ಅನುಪಾತ ಹೊರಗಿನಿಂದ ಕಾಣುವುದಿಲ್ಲ, ಜಾಹೀರಾತಿನಲ್ಲೂ ಬರೆದಿರುವುದಿಲ್ಲ. 5.7 ಲೀಟರ್‌ನ ಹೆಮಿ ಎಂಬ ಎಂಜಿನ್ ಇರುವ ರಾಮ್ 1500ರಲ್ಲಿ 3.21 ಆಕ್ಸಲ್‌ಗೂ 3.92ಕ್ಕೂ ಎಳೆತದಲ್ಲಿ ಸುಮಾರು 3,000 ಪೌಂಡ್ ವ್ಯತ್ಯಾಸವಿದೆ. 2014–18ರ ಸಿಲ್ವರಾಡೊದಲ್ಲೂ 5.3 ಎಂಜಿನ್ ಜೊತೆ 3.08 ಇದ್ದರೆ ಒಂದು ಕಥೆ, 3.42 ಇದ್ದರೆ ಇನ್ನೊಂದು. ಫೋರ್ಡ್‌ನಲ್ಲಿ ಅದೇ ಬಾಗಿಲ ಬಳಿಯ ಇನ್ನೊಂದು ಸ್ಟಿಕ್ಕರ್‌ನ (ಸರ್ಟಿಫಿಕೇಷನ್ ಲೇಬಲ್) 'ಆಕ್ಸಲ್' ಮನೆಯಲ್ಲಿ ಕೋಡ್ ನೋಡಿ: 27 ಎಂದರೆ 3.31, 19 ಎಂದರೆ 3.55, ಎಲ್9 ಎಂದರೆ ಲಾಕ್ ಆಗುವ 3.55, ಎಲ್6 ಎಂದರೆ ಲಾಕ್ ಆಗುವ 3.73. ಆ ಕಾಲದ ಹೆಚ್ಚಿನ ಜಿಎಂ ಟ್ರಕ್ಕುಗಳಲ್ಲಿ ಗ್ಲೋವ್ ಬಾಕ್ಸ್ ಒಳಗೆ ಮೂರಕ್ಷರದ ಕೋಡ್‌ಗಳ ಪಟ್ಟಿ ಅಂಟಿಸಿರುತ್ತಾರೆ. ಜಿಯು4 ಎಂದರೆ 3.08, ಜಿಯು6 ಎಂದರೆ 3.42, ಜಿಟಿ4 ಎಂದರೆ 3.73. ಎನ್‌ಎಚ್‌ಟಿ ಇದ್ದರೆ ಮ್ಯಾಕ್ಸ್ ಟ್ರೇಲರಿಂಗ್ ಪ್ಯಾಕೇಜ್, ಜೆಎಲ್1 ಇದ್ದರೆ ಟ್ರೇಲರ್ ಬ್ರೇಕ್ ಕಂಟ್ರೋಲರ್ ಕಂಪನಿಯಿಂದಲೇ ಬಂದಿದೆ ಎಂದರ್ಥ. ಬಂಪರ್ ಕೆಳಗೆ ಹಿಚ್ ತೂರಿಸುವ ಚೌಕ ಕೊಳವೆ, ಅಂದರೆ ರಿಸೀವರ್ ಇದೆ ಎಂದಮಾತ್ರಕ್ಕೆ ಟೋ ಪ್ಯಾಕೇಜ್ ಇದೆ ಎಂದುಕೊಳ್ಳಬೇಡಿ. ಅದನ್ನು ಯಾರು ಬೇಕಾದರೂ ಆಮೇಲೆ ಕೂಡಿಸಬಹುದು. ಟ್ರೇಲರ್‌ನ ದೀಪ, ಬ್ರೇಕುಗಳಿಗೆ ವಿದ್ಯುತ್ ಕೊಡುವ ಏಳು ಪಿನ್ನಿನ ಸಾಕೆಟ್ ಇಲ್ಲದೆ ನಾಲ್ಕು ಪಿನ್ನಿನದು ಮಾತ್ರ ಇದ್ದರೆ ಅನುಮಾನ ಪಡಿ. ರಿಸೀವರ್ ಮೇಲಿನ ಸ್ಟಿಕ್ಕರ್‌ನಲ್ಲಿ ಎರಡು ಅಂಕಿ ಇರುತ್ತವೆ. ಬರಿ ಹಿಚ್ ಗುಂಡಿನ (ಬಾಲ್) ಮೇಲೆ ಎಳೆಯಲು ಒಂದು, ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿದರೆ ಇನ್ನೊಂದು. ಮೊದಲನೆಯದು 5,000 ಪೌಂಡ್ ಮಾತ್ರ ಇರುವ ಟ್ರಕ್ಕುಗಳು ಬಹಳ.

ಪೇಲೋಡ್ ಸಾಲದು ಎಂದಾಕ್ಷಣ ಮೇಲಿನ ವರ್ಗದ ಡೀಸೆಲ್ ಎಫ್-250ಗೋ ಸಿಲ್ವರಾಡೊ, ರಾಮ್‌ಗಳ 2500ಕ್ಕೋ ಹಾರುವವರಿದ್ದಾರೆ. ದಿನದ ಓಡಾಟವೂ ಅದರಲ್ಲೇ ಎಂದಾದರೆ ನನ್ನ ಸಲಹೆ: ಡೀಸೆಲ್ ಬೇಡ. ಇತ್ತೀಚಿನ ಡೀಸೆಲ್ ಟ್ರಕ್ಕುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ಅದರ ಮಸಿ ಸುಟ್ಟುಹೋಗಲು ಹೆದ್ದಾರಿಯಲ್ಲಿ ಸಾಕಷ್ಟು ಹೊತ್ತು ಬಿಸಿಯಾಗಿ ಓಡಬೇಕು. ಐದಾರು ಮೈಲಿಯ ಆಫೀಸ್ ದಾರಿಯಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಫಿಲ್ಟರ್ ಕಟ್ಟುತ್ತದೆ, ರಿಪೇರಿ ಬಿಲ್ ಸಾವಿರಾರು ಡಾಲರ್. ಡೀಸೆಲ್ ಎಂಜಿನ್ನೇ ಭಾರವಾದ್ದರಿಂದ ಅದೇ ದರ್ಜೆಯ ಪೆಟ್ರೋಲ್ ಟ್ರಕ್ಕಿಗಿಂತ ಪೇಲೋಡೂ ಕಡಿಮೆ. ಹಾಫ್ ಟನ್ನಿನಲ್ಲೇ ಕೆಳಗಿನ ದರ್ಜೆಯ, ಬಟ್ಟೆ ಸೀಟಿನ ಟ್ರಕ್ ಹುಡುಕಿದರೆ 1,800 ಪೌಂಡ್‌ಗಿಂತ ಹೆಚ್ಚಿನ ಸ್ಟಿಕ್ಕರ್ ಸಿಗಬಹುದು. ಅದು ಹೆಚ್ಚು ಜಾಣತನ.

ಎಂಜಿನ್ ಆಯ್ಕೆಯಲ್ಲಿ ನೀವಿರುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್‌ನಿಂದ ಐ-70ರಲ್ಲಿ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ಮುಟ್ಟುವ ಹೊತ್ತಿಗೆ ಮೂರನೇ ಒಂದರಷ್ಟು ಹೋಗಿರುತ್ತದೆ. ಅಲ್ಲಿ ಫೋರ್ಡ್‌ನ 3.5 ಇಕೋಬೂಸ್ಟ್‌ನಂಥ ಟರ್ಬೊ ಎಂಜಿನ್ ಸಲೀಸು. ಬಯಲು ಸೀಮೆಯಲ್ಲಿ ಹಗುರ ದೋಣಿ ಎಳೆಯುವವರಿಗೆ 2.7 ಇಕೋಬೂಸ್ಟ್ ಸಾಕು, ದಿನದ ಓಡಾಟದಲ್ಲಿ ಗ್ಯಾಲನ್‌ಗೆ 20 ಮೈಲಿಯ ಮೇಲೂ ಕೊಡುತ್ತದೆ. 2007–21ರ ಟಂಡ್ರಾದ 5.7 ವಿ8 ಗಟ್ಟಿಮುಟ್ಟು, ಆದರೆ ಖಾಲಿ ಓಡಿದರೂ 14–15 ಮೈಲಿ ಅಷ್ಟೇ. ಟ್ರೇಲರ್ ಕಟ್ಟಿದ ಮೇಲೆ ಯಾವ ಟ್ರಕ್ಕೇ ಆಗಲಿ 8–10ಕ್ಕೆ ಇಳಿಯುತ್ತದೆ. ಹಾಗಾಗಿ ಎಫ್-150ರಲ್ಲಿ 23 ಗ್ಯಾಲನ್ ಟ್ಯಾಂಕ್ ಬದಲು 36 ಗ್ಯಾಲನ್ ಟ್ಯಾಂಕ್ ಇರುವುದು ಸಿಕ್ಕರೆ ಬಿಡಬೇಡಿ.

ಒಂದೊಂದು ಕಂಪನಿಯ ಟ್ರಕ್ಕಿಗೂ ಗೊತ್ತಿರುವ ಕಾಯಿಲೆಗಳಿವೆ. ಅವನ್ನು ಹಿಡಿಯಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಬೇಕು. ಮಾರುವವರಿಗೆ ಮೊದಲೇ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ, ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. 2017–20ರ 3.5 ಇಕೋಬೂಸ್ಟ್‌ನಲ್ಲಿ ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಎಂಜಿನ್ ಮುಂಭಾಗದಿಂದ ಗರಗರ ಸದ್ದು ಬಂದರೆ ವಾಲ್ವ್‌ಗಳ ಸಮಯ ಹೊಂದಿಸುವ ಕ್ಯಾಮ್ ಫೇಸರ್ ಹೋಗಿವೆ. ಟೈಮಿಂಗ್ ಕವರ್ ಬಿಚ್ಚುವ ದೊಡ್ಡ ಕೆಲಸ. ಹೆಮಿಯಲ್ಲಿ ಟಿಕ್ ಟಿಕ್ ಸದ್ದು ಬಿಸಿಯಾಗುತ್ತಾ ಮಾಯವಾದರೆ ಎಗ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿದಿರುವ ಸಾಧ್ಯತೆ ಹೆಚ್ಚು. ಅದು ತಾಳಿಕೊಳ್ಳಬಹುದಾದ ಖರ್ಚು. ಬಿಸಿಯಾದ ಮೇಲೂ ಸದ್ದು ನಿಲ್ಲದಿದ್ದರೆ ವಾಲ್ವ್ ಎತ್ತುವ ಲಿಫ್ಟರ್ ಸವೆದು ಕ್ಯಾಮ್‌ಶಾಫ್ಟನ್ನು ತಿನ್ನುತ್ತಿರಬಹುದು, ಅಂಥದ್ದನ್ನು ಬಿಟ್ಟುಬಿಡಿ. ಜಿಎಂನ 5.3ರಲ್ಲೂ ಲಿಫ್ಟರ್‌ನದೇ ತೊಂದರೆ. ಇಂಧನ ಉಳಿಸಲು 1, 4, 6, 7ನೇ ಸಿಲಿಂಡರುಗಳನ್ನು ಆರಿಸುವ ವ್ಯವಸ್ಥೆ ಇರುವ ಕಡೆಗಳಲ್ಲೇ ಲಿಫ್ಟರ್ ಕೆಡುತ್ತದೆ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಹಾಕಿದಾಗ ಅವೇ ಸಿಲಿಂಡರುಗಳ ಮಿಸ್‌ಫೈರ್ ತೋರಿಸಿದರೆ ಅರ್ಥ ಮಾಡಿಕೊಳ್ಳಿ. ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರುಗಳು (ಗಾಡಿ ತನ್ನನ್ನೇ ಪರೀಕ್ಷಿಸಿಕೊಳ್ಳುವ ಹಂತಗಳು) ಪೂರ್ತಿಯಾಗಿಲ್ಲ ಎಂದು ಬಂದರೆ, ಯಾರೋ ಈಚೆಗೆ ಕೋಡ್ ಅಳಿಸಿರಬಹುದು.

2015–19ರ ಜಿಎಂ ಎಂಟು ಗಿಯರ್ ಟ್ರಕ್ಕನ್ನು 30–60 ಮೈಲಿ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು ಓಡಿಸಿ. ರಂಬಲ್ ಸ್ಟ್ರಿಪ್ ಮೇಲೆ ಹೋದ ಹಾಗೆ ನಡುಕ ಬಂದರೆ ತೊಂದರೆ ಎಂಜಿನ್ ಮತ್ತು ಗಿಯರ್ ಪೆಟ್ಟಿಗೆಯ ನಡುವಿನ ಟಾರ್ಕ್ ಕನ್ವರ್ಟರ್‌ನದು. ಹೊಸ ಬಗೆಯ ಆಯಿಲ್ ಹಾಕಿದರೆ ಕೆಲವು ಸರಿಹೋಗುತ್ತವೆ, ಕೆಲವಕ್ಕೆ ಕನ್ವರ್ಟರೇ ಬದಲಿಸಬೇಕು. ಫೋರ್ಡ್‌ನ ಹತ್ತು ಗಿಯರ್ ಪೆಟ್ಟಿಗೆ 3ರಿಂದ 5ರ ನಡುವೆ ಜಗ್ಗಿ ಹೊಡೆಯುತ್ತದೆಯೇ ಗಮನಿಸಿ. ಕಡಿಮೆ ಓಡಿದ ಹೊಸ ಟ್ರಕ್ ಎಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. 2022–23ರ ಟಂಡ್ರಾದ ಟರ್ಬೊ ಎಂಜಿನ್ನುಗಳನ್ನು ಒಳಗುಳಿದ ಲೋಹದ ಚೂರುಗಳಿಗಾಗಿ 2024ರಲ್ಲಿ, 2021–24ರ ಜಿಎಂ 6.2 ವಿ8 ಎಂಜಿನ್ನುಗಳನ್ನು ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ದೋಷಕ್ಕಾಗಿ 2025ರಲ್ಲಿ ಹಿಂದಕ್ಕೆ ಕರೆಯಲಾಯಿತು. ಗಾಡಿಯ ಗುರುತಾದ 17 ಅಕ್ಷರ-ಅಂಕಿಗಳ ವಿನ್ ನಂಬರನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಇರುವ ರಿಕಾಲ್ ಪುಕ್ಕಟೆಯಾಗಿ ತಿಳಿಯುತ್ತದೆ.

ಡ್ಯಾಶ್‌ಬೋರ್ಡ್‌ನ ಮೆನುವಿನಲ್ಲಿ ಎಂಜಿನ್ ಅವರ್ಸ್ ಹುಡುಕಿ, ಓಡಿದ ಮೈಲಿಯನ್ನು ಅದರಿಂದ ಭಾಗಿಸಿ. 80,000 ಮೈಲಿಗೆ 2,400 ಗಂಟೆ, ಅಂದರೆ ಗಂಟೆಗೆ ಸರಾಸರಿ 33 ಮೈಲಿ ಎಂದಾದರೆ ಹೆಚ್ಚು ನಿಂತು ಉರಿಯದೆ ಓಡಿದ ಗಾಡಿ. ಅಷ್ಟೇ ಮೈಲಿಗೆ 4,500 ಗಂಟೆ ಇದ್ದರೆ ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ಉರಿಸಿದ ಕೆಲಸದ ಗಾಡಿ. ಓಡೋಮೀಟರ್ ತೋರಿಸುವುದಕ್ಕಿಂತ ಹೆಚ್ಚು ಸವೆದಿರುತ್ತದೆ.

ಆಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳ ಟ್ರಕ್ ಆದರೆ ಹಿಂದಿನ ಆಕ್ಸಲ್ ಮೇಲ್ಭಾಗದ ಫ್ರೇಮ್, ಸ್ಪ್ರಿಂಗ್ ಶ್ಯಾಕಲ್, ಬ್ರೇಕ್ ಪೈಪುಗಳನ್ನು ನೋಡಿ, ಫ್ರೇಮನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡಿ ಪದರ ಉದುರಿಸುತ್ತದೆ. ಈಚೆಗಷ್ಟೇ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಎಚ್ಚರ. 2015ರ ನಂತರದ ಎಫ್-150ರ ಮೈ ಅಲ್ಯೂಮಿನಿಯಂ, ಆದರೆ ಫ್ರೇಮ್ ಉಕ್ಕಿನದೇ ಎಂಬುದು ನೆನಪಿರಲಿ. ರಿಸೀವರ್‌ನ ಪಿನ್ ತೂತು ಮೊಟ್ಟೆಯಂತೆ ಉದ್ದವಾಗಿದ್ದರೆ, ಬೆಡ್‌ನಲ್ಲಿ ಬೋಲ್ಟ್ ಹಾಕಿದ ತೂತುಗಳಿದ್ದರೆ, ಸ್ಪ್ರಿಂಗ್‌ಗೆ ಭಾರ ಹೊರಲು ನೆರವಾಗುವ ಗಾಳಿಚೀಲ (ಏರ್‌ಬ್ಯಾಗ್) ಕೂಡಿಸಿದ್ದರೆ ಟ್ರಕ್ ಭಾರ ಎಳೆದಿದೆ, ಮಿತಿ ಮೀರಿಯೂ ಎಳೆದಿರಬಹುದು. ಹಿಂದಿನ ಆಕ್ಸಲ್ ನಡುವಿನ ಗಿಯರ್ ಪೆಟ್ಟಿಗೆಯ (ಡಿಫರೆನ್ಶಿಯಲ್) ಆಯಿಲ್ ಹಾಲಿನಂತೆ ಬಿಳಿಚಿಕೊಂಡಿದ್ದರೆ ದೋಣಿ ಇಳಿಸುವಾಗ ನೀರು ಹೊಕ್ಕಿದೆ. ಸಸ್ಪೆನ್ಷನ್ ಎತ್ತರಿಸಿ ದೊಡ್ಡ ಟೈರ್ ಹಾಕಿದ ಟ್ರಕ್ ಎಳೆಯುವ ಕೆಲಸಕ್ಕೆ ಬೇಡವೇ ಬೇಡ. ಆಕ್ಸಲ್ ಅನುಪಾತದ ಪ್ರಯೋಜನವೇ ಕಳೆದುಹೋಗಿರುತ್ತದೆ, ಹಿಚ್ ಎತ್ತರವೂ ಕೆಟ್ಟಿರುತ್ತದೆ.

ಮನೆಯ ಗ್ಯಾರೇಜ್ ಅಳೆಯುವುದನ್ನು ಮರೆಯಬೇಡಿ. ನಾಲ್ಕು ಬಾಗಿಲು, ಐದೂವರೆ ಅಡಿ ಬೆಡ್ ಇರುವ ಎಫ್-150ರ ಉದ್ದ ಸುಮಾರು 232 ಇಂಚು. 20 ಅಡಿಯ ಗ್ಯಾರೇಜಿನಲ್ಲಿ ಎಂಟೇ ಇಂಚು ಉಳಿಯುತ್ತದೆ. ಟೋ ಮಿರರ್ ಇದ್ದರೆ ಆಫೀಸಿನ ಪಾರ್ಕಿಂಗ್‌ನಲ್ಲಿ ದಿನಾ ಮಡಚಬೇಕಾಗುತ್ತದೆ.

ಮೇಲಿನದೆಲ್ಲ ಸರಿಯಿದ್ದರೆ ಹಣ ಕೊಡುವ ಮುನ್ನ ಕೊನೆಯದಾಗಿ ಒಂದು ಕೆಲಸ. ಟ್ಯಾಂಕ್ ತುಂಬಿಸಿ, ಹೆದ್ದಾರಿ ಬದಿಯ ಟ್ರಕ್ ಸ್ಟಾಪಿನ ತೂಕದ ಸೇತುವೆಗೆ ಒಯ್ದು ಟ್ರಕ್ಕನ್ನು ತೂಗಿಸಿ. ಬಾಗಿಲ ಬಳಿಯ ಸರ್ಟಿಫಿಕೇಷನ್ ಲೇಬಲ್‌ನಲ್ಲಿರುವ ಟ್ರಕ್ಕಿನ ಜಿವಿಡಬ್ಲ್ಯೂಆರ್‌ನಿಂದ ಆ ತೂಕ ಕಳೆದರೆ ಉಳಿಯುವುದೇ ನಿಜವಾದ ಪೇಲೋಡ್. ಒಳಗೆ ಕೂತಿದ್ದವರ ತೂಕ ಆಗಲೇ ಅದರಲ್ಲಿ ಸೇರಿಹೋಗಿರುತ್ತದೆ, ಮತ್ತೆ ಕಳೆಯಬೇಡಿ. ತೂಕದ ಚೀಟಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ತೂಕ ಬೇರೆಬೇರೆ ಬರುತ್ತದೆ. ಹಿಂದಿನದಕ್ಕೆ ನಿಮ್ಮ ಟ್ರೇಲರ್‌ನ ಹಿಚ್ ಭಾರವನ್ನೂ ಬೆಡ್‌ನ ಸಾಮಾನನ್ನೂ ಕೂಡಿಸಿ, ಅದೇ ಲೇಬಲ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಕೊಟ್ಟಿರುವ ಮಿತಿಗೆ ಹೋಲಿಸಿ. ಹಿಚ್ ಆಕ್ಸಲ್‌ಗಿಂತ ಹಿಂದೆ ಇರುವುದರಿಂದ ಅಲ್ಲಿ ಬೀಳುವ ಭಾರ ಕೂಡಿಸಿದ್ದಕ್ಕಿಂತ ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ, ಆದ್ದರಿಂದ ಕನಿಷ್ಠ 300 ಪೌಂಡ್ ಅಂತರ ಉಳಿಯದಿದ್ದರೆ ಆ ಟ್ರಕ್ ಆ ಟ್ರೇಲರ್‌ಗೆ ಆಗದು.

ಇಂತಿ,
ನಿಮ್ಮ ಓದುಗ, ಡೆನ್ವರ್, ಕೊಲರಾಡೊ